ಹಳೆ ಕಾರಿಗೆ ಪಿಕಪ್ ಇಲ್ವಾ? ಟ್ಯಾಂಕ್‌ನಿಂದ ಇಂಜೆಕ್ಟರ್‌ವರೆಗೆ ಪೆಟ್ರೋಲ್ ದಾರಿ ಸ್ವಚ್ಛ ಮಾಡುವ ಸಮಗ್ರ ಮಾರ್ಗದರ್ಶಿ

ಹತ್ತು ಹನ್ನೆರಡು ವರ್ಷ ಹಳೆಯ ಕಾರು. ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ, ಊರೊಳಗೆ ಓಡಿಸಲು ತೊಂದರೆ ಇಲ್ಲ. ಆದರೆ ಹೈವೇಯಲ್ಲಿ ಲಾರಿಯನ್ನು ದಾಟಲು ಆಕ್ಸಿಲರೇಟರ್ ಒತ್ತಿದರೆ ಸದ್ದು ಮಾತ್ರ ಜಾಸ್ತಿ ಆಗುತ್ತದೆ, ಗಾಡಿ ಎಳೆಯುವುದಿಲ್ಲ. ಗ್ಯಾರೇಜಿನಲ್ಲಿ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ‘ಒಂದು ಬಾಟಲಿ ಇಂಜೆಕ್ಟರ್ ಕ್ಲೀನರ್ ಹಾಕಿ ಸಾರ್.’ ಇಲ್ಲವೇ, ‘ಹಳೆ ಗಾಡಿ ಅಲ್ವಾ, ಅಷ್ಟೇ.’

ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಕೊಳೆ ಇರುವ ಕಡೆ ಕ್ಲೀನ್ ಮಾಡಿದರೆ ಪಿಕಪ್ ವಾಪಸ್ ಬರುತ್ತದೆ. ಕೊಳೆ ಇಲ್ಲದ ಕಡೆ ಕ್ಲೀನ್ ಮಾಡಿದರೆ ದುಡ್ಡು ಹೋಗುತ್ತದೆ. ಹಾಗಾಗಿ ಈ ಬರಹದ ಅರ್ಧ ಭಾಗ ದೋಷ ಎಲ್ಲಿದೆ ಅಂತ ಹುಡುಕುವುದಕ್ಕೇ ಮೀಸಲು.

ಇಲ್ಲಿ ಹೇಳುತ್ತಿರುವುದು ಸುಮಾರು 2005ರಿಂದ 2016ರ ನಡುವಿನ ಸಾಮಾನ್ಯ ಪೆಟ್ರೋಲ್ ಕಾರುಗಳಿಗೆ: ವ್ಯಾಗನ್‌ಆರ್, ಆಲ್ಟೊ, ಸ್ವಿಫ್ಟ್, ಸ್ಯಾಂಟ್ರೊ, ಐ10 ಥರದವು. ಇವುಗಳಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಇಂಟೇಕ್ ವಾಲ್ವ್‌ನ (ಸಿಲಿಂಡರ್‌ಗೆ ಗಾಳಿ ಬಿಡುವ ಬಾಗಿಲು) ಹಿಂಬದಿಗೆ ಚಿಮ್ಮಿಸುತ್ತದೆ. ಒತ್ತಡ ಸುಮಾರು 3 ಬಾರ್. ಡೀಸೆಲ್ ಕಾರಿನವರು ದಯವಿಟ್ಟು ಇದನ್ನು ಅನುಸರಿಸಬೇಡಿ. ಕಾಮನ್ ರೈಲ್ ಡೀಸೆಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಸಣ್ಣ ಲೀಕ್ ಕೂಡ ಚರ್ಮ ತೂರಿ ಒಳಗೆ ಹೋಗುವಷ್ಟು ಜೋರಾಗಿರುತ್ತದೆ. ಅದು ಮನೆಯಲ್ಲಿ ಮುಟ್ಟುವ ಕೆಲಸವೇ ಅಲ್ಲ.

ಮೊದಲು ಅಳತೆ ಇಟ್ಟುಕೊಳ್ಳಿ

‘ಈಗ ಸ್ವಲ್ಪ ಸ್ಮೂತ್ ಆಯ್ತು ಅನ್ಸುತ್ತೆ’ ಎನ್ನುವ ಮಾತನ್ನು ನಂಬಬೇಡಿ. ದುಡ್ಡು ಕೊಟ್ಟ ಮೇಲೆ ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಖಾಲಿ ಇರುವ ಸಮತಟ್ಟಾದ ರಸ್ತೆ ಆರಿಸಿ. ಎಂಜಿನ್ ಪೂರ್ತಿ ಬಿಸಿಯಾಗಿರಲಿ, ಎಸಿ ಆಫ್ ಇರಲಿ. ಮೂರನೇ ಗೇರ್‌ನಲ್ಲಿ 40 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. 70 ತಲುಪಲು ಎಷ್ಟು ಸೆಕೆಂಡ್ ಬೇಕು ನೋಡಿ. ಪಕ್ಕದಲ್ಲಿ ಕೂತವರು ಮೊಬೈಲ್‌ನಲ್ಲಿ ಸ್ಪೀಡೋಮೀಟರ್ ವಿಡಿಯೋ ಮಾಡಲಿ, ಆಮೇಲೆ ಎಣಿಸಿದರಾಯಿತು. ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆಯಿರಿ.

ಹೋಲಿಕೆ ಯಾವಾಗಲೂ ಅದೇ ರಸ್ತೆಯಲ್ಲಿ ಆಗಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್‌ಗೆ ಇಲ್ಲಿ ಗಾಳಿ ಕಮ್ಮಿ ಸಿಗುತ್ತದೆ, ಶಕ್ತಿಯಲ್ಲಿ ಹೆಚ್ಚುಕಮ್ಮಿ ಹತ್ತನೇ ಒಂದು ಭಾಗ ಖೋತಾ. ಮಂಗಳೂರಿನಲ್ಲಿ ಚುರುಕಾಗಿದ್ದ ಕಾರು ಶಿರಾಡಿ ಘಾಟ್ ಹತ್ತಿ ಬಂದ ಮೇಲೆ ಮಂಕಾದರೆ ಅದಕ್ಕೆ ಇಂಜೆಕ್ಟರ್‌ನ ಕೊಳೆಯೇ ಕಾರಣ ಆಗಬೇಕಿಲ್ಲ.

ಪೆಟ್ರೋಲ್‌ಗೆ ಸಂಬಂಧವೇ ಇಲ್ಲದ ಕಾರಣಗಳು

ಇವನ್ನು ಅರ್ಧ ದಿನದಲ್ಲಿ ಮುಗಿಸಬಹುದು.

ಕ್ಲಚ್: ನಾಲ್ಕನೇ ಗೇರ್‌ನಲ್ಲಿ ಏರು ರಸ್ತೆಯಲ್ಲಿ ಪೂರ್ತಿ ರೇಸ್ ಕೊಡಿ. ಆರ್‌ಪಿಎಂ ಮುಳ್ಳು ಸರಸರ ಏರಿ, ವೇಗ ಅಲ್ಲೇ ಇದ್ದರೆ ಕ್ಲಚ್ ಜಾರುತ್ತಿದೆ. ಬ್ರೇಕ್: ಹತ್ತು ಹದಿನೈದು ಕಿ.ಮೀ. ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಒಡ್ಡಿ ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಏರ್ ಫಿಲ್ಟರ್ ತೆಗೆದು ನೋಡಿ, ಕಪ್ಪಾಗಿದ್ದರೆ ಬದಲಿಸಿ. ಇಲಿ ಒಳಗೆ ಗೂಡು ಕಟ್ಟಿದ್ದೂ ಉಂಟು. ಟಯರ್ ಗಾಳಿ ನೋಡಿ.

ಸ್ಪಾರ್ಕ್ ಪ್ಲಗ್ ವಿಷಯದಲ್ಲಿ ಮಾತ್ರ ಆತುರ ಬೇಡ. ನಾಲ್ಕೂ ಬಿಚ್ಚಿ (ಆಲ್ಟೊದಂಥ ಮೂರು ಸಿಲಿಂಡರ್ ಕಾರಿನಲ್ಲಿ ಇಲ್ಲೂ ಮುಂದೆಯೂ ನಾಲ್ಕರ ಬದಲು ಮೂರು ಎಂದುಕೊಳ್ಳಿ), ಯಾವ ಸಿಲಿಂಡರ್‌ನದು ಯಾವುದು ಅಂತ ಗುರುತು ಹಾಕಿ ಸಾಲಾಗಿ ಇಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಚೆನ್ನಾಗಿದೆ. ನಾಲ್ಕೂ ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಎಂಬ ಸುಳಿವು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಎಣ್ಣೆ ಅಂಟಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ, ಅದಕ್ಕೆ ಈ ಬರಹದಲ್ಲಿ ಮದ್ದಿಲ್ಲ. ಮೂರು ಒಂದು ಥರ, ಒಂದು ಬೇರೆ ಥರ ಇದ್ದರೆ ತುಂಬ ಒಳ್ಳೆಯದು, ನೀವು ಹುಡುಕಬೇಕಾದ ಸಿಲಿಂಡರ್ ಸಿಕ್ಕಿತು. ಪ್ರತಿ ಸಿಲಿಂಡರ್‌ಗೂ ಬೇರೆ ಬೇರೆ ಕಾಯಿಲ್ (ಪ್ಲಗ್‌ಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಇರುವ ಕಾರಾದರೆ, ಆ ಸಿಲಿಂಡರ್‌ನದನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ. ಮಿಸ್ಸಿಂಗ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಕಾಯಿಲ್ ಹಿಂದೆಯೇ ಪಕ್ಕದ ಸಿಲಿಂಡರ್‌ಗೆ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್ ಅಥವಾ ಇಂಜೆಕ್ಟರ್.

ಕಾರು ತಾನೇ ಹೇಳುವುದನ್ನು ಕೇಳಿ

ಕಷ್ಟ ಯಾವಾಗ ಕಾಣಿಸುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಐಡ್ಲಿಂಗ್ ಚೆನ್ನಾಗಿದ್ದು, ನಿಧಾನಕ್ಕೆ ಓಡಿಸುವಾಗಲೂ ಚೆನ್ನಾಗಿದ್ದು, ಪೂರ್ತಿ ರೇಸ್ ಕೊಟ್ಟಾಗ ಅಥವಾ ಏರಿನಲ್ಲಿ ಮಾತ್ರ ಉಸಿರು ಕಟ್ಟಿದರೆ ಪೆಟ್ರೋಲ್ ಸಾಕಷ್ಟು ಮುಂದೆ ಬರುತ್ತಿಲ್ಲ. ಫಿಲ್ಟರ್, ಪಂಪ್, ಟ್ಯಾಂಕಿನೊಳಗಿನ ಜಾಲರಿ, ಇವುಗಳಲ್ಲಿ ಒಂದು. ಐಡ್ಲಿಂಗ್ ಕುಣಿಯುತ್ತಿದ್ದು, ಬೆಳಿಗ್ಗೆ ತಣ್ಣಗಿರುವಾಗ ಜರ್ಕ್ ಇದ್ದು, ವೇಗ ಹಿಡಿದ ಮೇಲೆ ಸರಿಹೋದರೆ ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ಹೆಚ್ಚುಕಮ್ಮಿ ಮಾಡುವ ಭಾಗ) ಅಥವಾ ಇಂಜೆಕ್ಟರ್ ಕಡೆ ಅನುಮಾನ ಪಡಿ.

ಕಾರಿನ ಕಂಪ್ಯೂಟರ್ ದಾಖಲಿಸುವ ಮಾಹಿತಿಯನ್ನು ಓದುವ ಒಬಿಡಿ ಸ್ಕ್ಯಾನರ್ ಇದ್ದರೆ ಇನ್ನೂ ಒಳ್ಳೆಯದು. ಬ್ಲೂಟೂತ್‌ನ ಅಗ್ಗದ ಇಎಲ್‌ಎಂ327 ಸಾಕು. ನಮ್ಮಲ್ಲಿ ಒಬಿಡಿ-2 ಕಡ್ಡಾಯವಾದದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೆ ಕಾರಿನಲ್ಲಿ ಅದೇ ಆಕಾರದ ಪೋರ್ಟ್ ಇದ್ದರೂ ಈ ಅಗ್ಗದ ಸ್ಕ್ಯಾನರ್ ಮಾತಾಡದೇ ಇರಬಹುದು. ಆಗ ಗ್ಯಾರೇಜಿನ ಸ್ಕ್ಯಾನರ್ ಬೇಕಾಗುತ್ತದೆ.

ನೋಡಬೇಕಾದ್ದು ಫ್ಯುಯೆಲ್ ಟ್ರಿಮ್. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿಕೊಂಡು ಇಸಿಯು (ಎಂಜಿನ್‌ನ ಕಂಪ್ಯೂಟರ್) ಲೆಕ್ಕಕ್ಕಿಂತ ಎಷ್ಟು ಜಾಸ್ತಿ ಅಥವಾ ಕಮ್ಮಿ ಪೆಟ್ರೋಲ್ ಕೊಡುತ್ತಿದೆ ಎಂಬುದರ ಶೇಕಡಾ ಲೆಕ್ಕ ಇದು. ಲಾಂಗ್ ಟರ್ಮ್ ಟ್ರಿಮ್ ಪ್ಲಸ್ 10 ದಾಟಿದರೆ ಎಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ. ಎರಡರ ವ್ಯತ್ಯಾಸ ತಿಳಿಯುವುದು ಸುಲಭ. ಐಡ್ಲಿಂಗ್‌ನಲ್ಲಿ ಜಾಸ್ತಿ ಇದ್ದು, 2500 ಆರ್‌ಪಿಎಂನಲ್ಲಿ ಹಿಡಿದಾಗ ಇಳಿದರೆ ವ್ಯಾಕ್ಯೂಮ್ ಲೀಕ್: ಒಡೆದ ಹೋಸ್, ಇಂಟೇಕ್ ಗ್ಯಾಸ್ಕೆಟ್. ಐಡ್ಲಿಂಗ್‌ನಲ್ಲಿ ಸರಿ ಇದ್ದು ಲೋಡ್ ಬಿದ್ದಂತೆ ಏರುತ್ತಾ ಹೋದರೆ ಪೆಟ್ರೋಲ್ ಸರಬರಾಜಿನ ದೋಷ. ಪೂರ್ತಿ ರೇಸ್ ಕೊಟ್ಟಾಗ ಮುಂದಿನ ಆಕ್ಸಿಜನ್ ಸೆನ್ಸರ್ ಸುಮಾರು 0.8–0.9 ವೋಲ್ಟ್ ತೋರಿಸಬೇಕು. ಆ ಹೊತ್ತಿನಲ್ಲಿ 0.1–0.2ಕ್ಕೆ ಬಿದ್ದರೆ ಎಂಜಿನ್ ಹಸಿದಿದೆ ಎಂದೇ ಅರ್ಥ. ಇಷ್ಟು ನಿಖರವಾದ ಸಾಕ್ಷಿ ಬೇರೆ ಯಾವುದೂ ಪುಕ್ಕಟೆ ಸಿಗುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಇ20, ಅಂದರೆ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಬಿಡುಗಡೆ ಆಯಿತು. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥೆನಾಲ್ ಉರಿಯಲು ಗಾಳಿ ಕಮ್ಮಿ ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಎಥೆನಾಲ್ ಇಲ್ಲದ ಪೆಟ್ರೋಲ್‌ಗಿಂತ ಶೇ 8-9ರಷ್ಟು, ಇ10ಗಿಂತ ಸುಮಾರು ಶೇ 4ರಷ್ಟು ಜಾಸ್ತಿ ಇ20 ಬೇಕು. ಹಳೆಯ ಕಾರಿನ ಇಸಿಯುಗೆ ಇದು ಗೊತ್ತಿಲ್ಲ, ಟ್ರಿಮ್ ಏರಿಸಿಕೊಂಡು ಸರಿದೂಗಿಸುತ್ತದೆ. ಅಂದರೆ ಏನೂ ಕೆಡದ ಕಾರಿನಲ್ಲೂ ಪ್ಲಸ್ 5, ಪ್ಲಸ್ 7 ಕಾಣಬಹುದು. ಅದನ್ನು ನೋಡಿ ಇಂಜೆಕ್ಟರ್ ಬಿಚ್ಚಲು ಹೋಗಬೇಡಿ.

ಕೆಲಸಕ್ಕೆ ಇಳಿಯುವ ಮುಂಚೆ

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಈ ಕೆಲಸ ಬೇಡವೇ ಬೇಡ. ಬಯಲಲ್ಲಿ, ನೆರಳಲ್ಲಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾಡಿ. ಹತ್ತಿರದಲ್ಲಿ ದೇವರ ದೀಪ, ಗ್ಯಾಸ್ ಒಲೆ, ಸಿಗರೇಟ್ ಏನೂ ಇರಬಾರದು. ಡ್ರೈ ಪೌಡರ್ ಅಗ್ನಿಶಾಮಕ ಕೈಗೆಟುಕುವಲ್ಲಿ ಇರಲಿ. ಕಣ್ಣಿಗೆ ಕನ್ನಡಕ, ಕೈಗೆ ನೈಟ್ರೈಲ್ ಗ್ಲೌಸ್ ಇರಲಿ.

ಹಂತ 1: ಪೆಟ್ರೋಲ್ ಹೇಗಿದೆ ನೋಡಿ

ತಿಂಗಳುಗಟ್ಟಲೆ ನಿಂತ ಕಾರಿಗೆ ಇದೇ ಮೊದಲ ಹೆಜ್ಜೆ. ವಿದೇಶದಲ್ಲಿ ಇರುವವರು ಊರಿನ ಮನೆಯ ಶೆಡ್ಡಿನಲ್ಲಿ ಬಿಟ್ಟು ಹೋಗುವ ಕಾರುಗಳ ಕಥೆ ಬಹುತೇಕ ಇದೇ. ಹಗುರ ಅಂಶ ಆವಿಯಾಗಿ ಹೋಗಿ, ಉಳಿದದ್ದು ಅಂಟಾಗುತ್ತದೆ. ಹಂತ 2ರಲ್ಲಿ ಹೇಳಿದಂತೆ ಮೊದಲು ಒತ್ತಡ ಇಳಿಸಿ, ಪೆಟ್ರೋಲ್ ಲೈನ್‌ನಿಂದ ಅರ್ಧ ಲೀಟರ್‌ನಷ್ಟು ಗಾಜಿನ ಬಾಟಲಿಗೆ ತೆಗೆದು ಅರ್ಧ ಗಂಟೆ ಅಲ್ಲಾಡಿಸದೆ ಇಡಿ. ತಿಳಿಯಾಗಿದ್ದರೆ ಸರಿ. ತಳದಲ್ಲಿ ಬೇರೆ ಪದರ ಕೂತಿದ್ದರೆ ನೀರು ಸೇರಿದೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಮಿತಿ ಮೀರಿದಾಗ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದೂ ತಳದಿಂದಲೇ. ಇಂಥ ಪೆಟ್ರೋಲ್‌ಗೆ ಯಾವ ಬಾಟಲಿ ಔಷಧವೂ ನಾಟುವುದಿಲ್ಲ. ಟ್ಯಾಂಕ್ ಖಾಲಿ ಮಾಡಿ, ಹೊಸದು ತುಂಬಿಸಬೇಕು. ಹುಳಿ ವಾಸನೆ, ವಾರ್ನಿಷ್ ವಾಸನೆ ಬಂದರೂ ಇದೇ ಮಾತು.

ಹಂತ 2: ಒತ್ತಡ, ಫಿಲ್ಟರ್, ಪಂಪ್

ಪಿಕಪ್ ದೂರಿಗೆ ನಿಜವಾದ ಪರಿಹಾರ ಸಿಗುವುದು ಹೆಚ್ಚಾಗಿ ಇಲ್ಲೇ. ಆದರೆ ಜನ ಇದನ್ನು ಹಾರಿ ನೇರ ಇಂಜೆಕ್ಟರ್‌ಗೆ ಹೋಗುತ್ತಾರೆ. ಕಾರಣ ಇಷ್ಟೇ, ಬಾಟಲಿ ಸುರಿಯುವುದು ಸುಲಭ, ಹಿಂದಿನ ಸೀಟ್ ಎತ್ತುವುದು ಕಷ್ಟ.

ಮೊದಲು ಲೈನ್‌ನ ಒತ್ತಡ ಇಳಿಸಬೇಕು. ಫ್ಯುಯೆಲ್ ಪಂಪ್‌ನ ಫ್ಯೂಸ್ ಅಥವಾ ರಿಲೇ ಕೀಳಿ, ಎಂಜಿನ್ ಸ್ಟಾರ್ಟ್ ಮಾಡಿ. ತಾನೇ ಆಫ್ ಆಗುವವರೆಗೆ ಓಡಲಿ. ಇನ್ನೆರಡು ಸಲ ಸೆಲ್ಫ್ ಹೊಡೆಯಿರಿ. ಆಮೇಲೆ ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಕಳಚಿ. ಇಷ್ಟಾದರೂ ಪೈಪ್ ಬಿಚ್ಚುವಾಗ ಸ್ವಲ್ಪ ಪೆಟ್ರೋಲ್ ಬರುತ್ತದೆ, ಬಟ್ಟೆ ಸುತ್ತಿ ಹಿಡಿಯಿರಿ.

ರೈಲ್‌ಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಹೋಗುವ ಪೈಪ್‌ಗೆ ಟಿ ಅಡಾಪ್ಟರ್ ಮೂಲಕ ಒತ್ತಡದ ಗೇಜ್ ಜೋಡಿಸಿ. ಫ್ಯೂಸ್, ಬ್ಯಾಟರಿ ವಾಪಸ್ ಹಾಕಿ, ಕೀ ಆನ್ ಮಾಡಿದರೆ ಪಂಪ್ ಎರಡು ಮೂರು ಸೆಕೆಂಡ್ ಗುಂಯ್ ಎಂದು ನಿಲ್ಲುತ್ತದೆ. ಒತ್ತಡ ಸುಮಾರು 3 ಬಾರ್ ತಲುಪಬೇಕು. ನಿಮ್ಮ ಮಾಡೆಲ್‌ನ ನಿಖರ ಸಂಖ್ಯೆ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಎಂಜಿನ್ ಓಡುತ್ತಿರುವಾಗ ರೇಸ್ ಕೊಟ್ಟರೆ ಮುಳ್ಳು ಕುಸಿಯಬಾರದು. ಆಫ್ ಮಾಡಿದ ಮೇಲೆ ಐದು ನಿಮಿಷ ಹೆಚ್ಚುಕಮ್ಮಿ ನಿಲ್ಲಬೇಕು. ಬೇಗ ಇಳಿದರೆ ಪಂಪ್‌ನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯುವುದು) ಅಥವಾ ಒತ್ತಡ ಕಾಯುವ ರೆಗ್ಯುಲೇಟರ್ ಸೋರುತ್ತಿದೆ, ಇಲ್ಲವೇ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ.

ಒತ್ತಡ ಕಮ್ಮಿ ಇದೆ ಎಂದಿಟ್ಟುಕೊಳ್ಳಿ. ಪಂಪ್ ಕೊಳ್ಳಲು ಓಡುವ ಮುಂಚೆ ಪಂಪ್ ಕನೆಕ್ಟರ್‌ನಲ್ಲಿ ವೋಲ್ಟೇಜ್ ನೋಡಿ, ಅದೂ ಪಂಪ್ ಓಡುತ್ತಿರುವಾಗ. ಬ್ಯಾಟರಿಯ ವೋಲ್ಟೇಜ್‌ಗಿಂತ ಒಂದು ವೋಲ್ಟ್‌ಗೂ ಹೆಚ್ಚು ಇಳಿದಿದ್ದರೆ ದೋಷ ವೈರ್, ರಿಲೇ ಅಥವಾ ತುಕ್ಕು ಹಿಡಿದ ಅರ್ಥಿಂಗ್‌ನಲ್ಲಿದೆ. ಕರಾವಳಿಯ ಕಾರುಗಳಲ್ಲಿ ಇದು ತುಂಬ ಮಾಮೂಲು. ಉಪ್ಪುಕಾಗದದಿಂದ ಉಜ್ಜಿ ಸರಿ ಮಾಡಿದರೆ ಸಾವಿರಾರು ರೂಪಾಯಿ ಉಳಿಯಿತು.

ವೋಲ್ಟೇಜ್ ಸರಿ ಇದ್ದರೆ ಫಿಲ್ಟರ್. ಹಳೆ ಮಾಡೆಲ್‌ಗಳಲ್ಲಿ ಅದು ಹೊರಗಡೆ ಲೈನ್‌ನಲ್ಲೇ ಇರುತ್ತದೆ. ಬಾಣದ ಗುರುತು ಎಂಜಿನ್ ಕಡೆಗೆ ಇರುವಂತೆ ಹೊಸದು ಹಾಕಿ. ಆಮೇಲಿನ ಹೆಚ್ಚಿನ ಕಾರುಗಳಲ್ಲಿ ಫಿಲ್ಟರ್ ಟ್ಯಾಂಕ್‌ನೊಳಗೆ ಪಂಪ್ ಜೊತೆಗೇ ಇರುತ್ತದೆ. ಕೆಲವಕ್ಕೆ ಹಿಂದಿನ ಸೀಟಿನ ಕೆಳಗೆ ಮುಚ್ಚಳ ಇದೆ, ಕೆಲವಕ್ಕೆ ಟ್ಯಾಂಕ್ ಇಳಿಸಬೇಕು. ಟ್ಯಾಂಕ್ ಇಳಿಸುವುದಾದರೆ ಗ್ಯಾರೇಜಿಗೇ ಕೊಡಿ. ಪಂಪ್ ಹೊರಬಂದಾಗ ತಳದ ಜಾಲರಿ ನೋಡಿ. ಅದು ಕಪ್ಪಾಗಿ, ಅಂಟಂಟಾಗಿ ಇದ್ದರೆ ನಿಮ್ಮ ಕಾರಿನ ಪಿಕಪ್ ಎಲ್ಲಿ ಹೋಗಿತ್ತು ಅಂತ ಗೊತ್ತಾಯಿತು. ಜಾಲರಿಯನ್ನು ತೊಳೆದು ಮತ್ತೆ ಹಾಕುವವರಿದ್ದಾರೆ, ನಾನು ಬೇಡ ಎನ್ನುತ್ತೇನೆ. ಹೊಸದಕ್ಕೆ ಖರ್ಚು ಕಮ್ಮಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯಲ್ಲಿ ಹಳೆ ಮಾಡೆಲ್‌ಗಳ ಬಿಡಿಭಾಗ ಹುಡುಕಿದರೆ ಸಿಗುತ್ತವೆ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಹಂತ 3: ಥ್ರಾಟಲ್ ಬಾಡಿ

ಇದು ಪೆಟ್ರೋಲ್ ದಾರಿಯಲ್ಲ, ಗಾಳಿ ದಾರಿ. ಆದರೂ ಇಲ್ಲೇ ಮುಗಿಸಿ, ಏಕೆಂದರೆ ಖರ್ಚು ಒಂದು ಸ್ಪ್ರೇ ಕ್ಯಾನ್ ಅಷ್ಟೇ. ಇಂಟೇಕ್ ಪೈಪ್ ಬಿಚ್ಚಿದರೆ ಒಳಗೆ ತೆರೆದು ಮುಚ್ಚುವ ತಗಡಿನ ಅಂಚಿನ ಸುತ್ತ ಕಪ್ಪು ಮಸಿ ಕಾಣುತ್ತದೆ. ಥ್ರಾಟಲ್ ಬಾಡಿ ಕ್ಲೀನರ್ ಅನ್ನು ಬಟ್ಟೆಗೆ ಸಿಂಪಡಿಸಿ ಒರೆಸಿ. ಸಂದಿಗೆ ಹಳೆ ಟೂತ್‌ಬ್ರಶ್ ಬಳಸಿ. ಕೇಬಲ್ ಇರುವ ಥ್ರಾಟಲ್ ಆದರೆ ಕೈಯಲ್ಲಿ ತೆರೆದು ಹಿಡಿಯಬಹುದು. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ತಗಡನ್ನು ಬೆರಳಿನಿಂದ ಒತ್ತಬೇಡಿ, ಒಳಗಿನ ಗೇರ್ ಮುರಿಯುತ್ತದೆ. ಕೀ ಆನ್ ಇರುವಾಗಂತೂ ಬೆರಳೇ ಹೋಗಬಹುದು. ಕ್ಲೀನ್ ಆದ ಮೇಲೆ ಐಡ್ಲಿಂಗ್ ಸ್ವಲ್ಪ ಹೊತ್ತು ಏರುಪೇರಾಗುತ್ತದೆ, ಗಾಬರಿ ಬೇಡ. ಕೆಲವು ಮಾಡೆಲ್‌ಗೆ ಸ್ಕ್ಯಾನರ್‌ನಿಂದ ಐಡಲ್ ರೀಲರ್ನ್ (ಇಸಿಯುಗೆ ಐಡ್ಲಿಂಗ್ ಮತ್ತೆ ಕಲಿಸುವುದು) ಮಾಡಿಸಬೇಕಾಗುತ್ತದೆ.

ಹಂತ 4: ಬಾಟಲಿ ಕ್ಲೀನರ್, ಈಗ ಹಾಕಬಹುದು

ಫಿಲ್ಟರ್, ಒತ್ತಡ ಎರಡೂ ಸರಿ ಇದ್ದು, ಐಡ್ಲಿಂಗ್ ಒರಟು ಮತ್ತು ಟ್ರಿಮ್ ಪ್ಲಸ್ ಇದ್ದರೆ ಇಂಜೆಕ್ಟರ್ ತುದಿಯಲ್ಲಿ ಪದರ ಕಟ್ಟಿರುವ ಸಾಧ್ಯತೆ ಇದೆ. ಸಿಎನ್‌ಜಿ, ಎಲ್‌ಪಿಜಿ ಕಿಟ್ ಹಾಕಿಸಿದ ಕಾರುಗಳಲ್ಲಿ ಇದು ಜಾಸ್ತಿ. ಗ್ಯಾಸ್‌ನಲ್ಲಿ ಓಡುವಾಗ ಪೆಟ್ರೋಲ್ ಇಂಜೆಕ್ಟರ್‌ಗಳು ಕೆಲಸವಿಲ್ಲದೆ ಎಂಜಿನ್ ಬಿಸಿಯಲ್ಲಿ ಬೇಯುತ್ತಿರುತ್ತವೆ, ಒಳಗೆ ಉಳಿದ ಪೆಟ್ರೋಲ್ ಒಣಗಿ ಪಾಯಸದ ಪಾತ್ರೆಯ ತಳದ ಹಾಗೆ ಹತ್ತಿಕೊಳ್ಳುತ್ತದೆ.

ಕೊಳ್ಳುವಾಗ ಲೇಬಲ್‌ನಲ್ಲಿ ಪಾಲಿಈಥರ್‌ಅಮೀನ್, ಅಂದರೆ ಪಿಇಎ, ಇದೆಯೇ ನೋಡಿ. ಇಂಜೆಕ್ಟರ್ ಮತ್ತು ವಾಲ್ವ್ ಮೇಲಿನ ಗಟ್ಟಿ ಪದರ ಕರಗಿಸುವುದರಲ್ಲಿ ಇದರ ಹೆಸರು ಚೆನ್ನಾಗಿದೆ. ಟ್ಯಾಂಕ್ ಅರ್ಧಕ್ಕಿಂತ ಕಮ್ಮಿ ಇದ್ದಾಗ ಮೊದಲು ಬಾಟಲಿ ಸುರಿದು, ಆಮೇಲೆ ಲೇಬಲ್ ಹೇಳಿದಷ್ಟು ಪೆಟ್ರೋಲ್ ತುಂಬಿಸಿ, ಚೆನ್ನಾಗಿ ಬೆರೆಯುತ್ತದೆ. ಎರಡು ಬಾಟಲಿ ಹಾಕಿದರೆ ಎರಡು ಪಟ್ಟು ಕ್ಲೀನ್ ಆಗುವುದಿಲ್ಲ. ಊರೊಳಗೆ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸಿ ಖಾಲಿ ಮಾಡಬೇಡಿ. ತುಮಕೂರು ರಸ್ತೆಯಂಥ ಕಡೆ 2500–3000 ಆರ್‌ಪಿಎಂನಲ್ಲಿ ಒಂದು ಗಂಟೆ ಸಮನಾಗಿ ಓಡಿಸಿ. ಎಂಜಿನ್ ಆಯಿಲ್ ಬದಲಿಸುವ ಸಮಯ ಹತ್ತಿರ ಇದ್ದಾಗ ಇದನ್ನು ಮಾಡಿದರೆ ಒಳ್ಳೆಯದು. ಕ್ಲೀನರ್‌ನ ಒಂದಂಶ ಆಯಿಲ್‌ಗೂ ಇಳಿಯುತ್ತದೆ.

ಸೀಮೆಎಣ್ಣೆ, ಥಿನ್ನರ್, ನುಸಿ ಗುಳಿಗೆ, ಇವುಗಳ ಸುದ್ದಿಗೆ ಹೋಗಬೇಡಿ. ಸೀಮೆಎಣ್ಣೆ ಆಕ್ಟೇನ್ ಇಳಿಸಿ ನಾಕಿಂಗ್ (ಇಂಧನ ಹೊತ್ತಿಗೆ ಮುಂಚೆ ಉರಿದು ಎಂಜಿನ್ ಟಕಟಕ ಬಡಿಯುವುದು) ತರಿಸುತ್ತದೆ, ಥಿನ್ನರ್ ರಬ್ಬರ್ ತಿನ್ನುತ್ತದೆ. ಇನ್ನು ದುಬಾರಿ ಹೈ ಆಕ್ಟೇನ್ ಪೆಟ್ರೋಲ್. ಆಕ್ಟೇನ್ ಎಂದರೆ ನಾಕಿಂಗ್ ತಡೆಯುವ ಶಕ್ತಿ. ತೊಳೆಯುವ ಶಕ್ತಿ ಬರುವುದು ಅದರಲ್ಲಿರುವ ಡಿಟರ್ಜೆಂಟ್‌ನಿಂದ.

ಹಂತ 5: ಇಂಜೆಕ್ಟರ್ ಬಿಚ್ಚಿ ತೊಳೆಸುವುದು

ಒಂದು ಟ್ಯಾಂಕ್ ಮುಗಿದ ಮೇಲೂ ಅಳತೆ ಬದಲಾಗಿಲ್ಲ, ಅನುಮಾನ ಇಂಜೆಕ್ಟರ್ ಮೇಲೇ ಇದೆ ಎಂದರೆ ಬಿಚ್ಚಿ, ಅಲ್ಟ್ರಾಸಾನಿಕ್ ಯಂತ್ರ ಇರುವ ಅಂಗಡಿಗೆ ಕೊಡಿ. ಕಾರಿನಲ್ಲೇ ಇಟ್ಟು ಕ್ಯಾನ್ ಜೋಡಿಸಿ ಮಾಡುವ ಕ್ಲೀನಿಂಗ್ ಕೂಡ ಇದೆ. ಅದರಲ್ಲಿ ನಾಲ್ಕರ ಪೈಕಿ ಯಾವುದು ಎಷ್ಟು ಚಿಮ್ಮಿಸುತ್ತಿದೆ ಅಂತ ಗೊತ್ತಾಗುವುದಿಲ್ಲ, ಅದಕ್ಕೇ ನನಗೆ ಬಿಚ್ಚಿ ಮಾಡುವುದೇ ಇಷ್ಟ.

ಮೊದಲು ಕನೆಕ್ಟರ್ ಕಳಚಿ, ಮಲ್ಟಿಮೀಟರ್‌ನಿಂದ ಪ್ರತಿ ಇಂಜೆಕ್ಟರ್‌ನ ಓಮ್ಸ್ ನೋಡಿ. ಈ ಕಾರುಗಳಲ್ಲಿ ಸಾಮಾನ್ಯವಾಗಿ 11ರಿಂದ 16ರ ಒಳಗೆ, ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಒಂದು ತೀರಾ ಬೇರೆ ಇದ್ದರೆ ಆ ಇಂಜೆಕ್ಟರ್‌ನೊಳಗಿನ ತಂತಿ ಸುರುಳಿ ಹೋಗಿದೆ, ತೊಳೆಸಿ ಪ್ರಯೋಜನ ಇಲ್ಲ.

ಹಂತ 2ರಂತೆ ಒತ್ತಡ ಇಳಿಸಿ, ಬ್ಯಾಟರಿ ಕಳಚಿ. ಇಂಜೆಕ್ಟರ್ ಸುತ್ತ ಕೂತ ಧೂಳನ್ನು ಬ್ರಶ್ ಮತ್ತು ಗಾಳಿಯಿಂದ ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಅದು ನೇರ ಎಂಜಿನ್ ಒಳಗೆ ಬೀಳುತ್ತದೆ. ಫೋಟೋ ತೆಗೆದುಕೊಳ್ಳಿ, ನಂಬರ್ ಚೀಟಿ ಅಂಟಿಸಿ. ರೈಲ್‌ನ ಬೋಲ್ಟ್ ಬಿಚ್ಚಿ, ಎರಡೂ ತುದಿ ಸಮನಾಗಿ ಹಿಡಿದು ನೇರವಾಗಿ ಎಳೆಯಿರಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಬಂದ ಕೂಡಲೇ ನಾಲ್ಕೂ ತೂತಿಗೆ ನಾರು ಬಿಡದ ಬಟ್ಟೆ ತುರುಕಿ.

ಅಂಗಡಿಯಲ್ಲಿ ಸುಮ್ನೆ ‘ಕ್ಲೀನ್ ಮಾಡಿ’ ಅನ್ನಬೇಡಿ. ತೊಳೆಯುವ ಮುಂಚೆ ಮತ್ತು ಆಮೇಲೆ ನಾಲ್ಕರ ಫ್ಲೋ ಟೆಸ್ಟ್ ಎದುರಿಗೇ ಮಾಡಿ ತೋರಿಸಲು ಹೇಳಿ. ಗಾಜಿನ ಕೊಳವೆಗಳಲ್ಲಿ ದ್ರವದ ಮಟ್ಟ ಕಣ್ಣಿಗೇ ಕಾಣುತ್ತದೆ. ಕ್ಲೀನ್ ಆದ ಮೇಲೆ ವ್ಯತ್ಯಾಸ ಶೇ 5ರೊಳಗೆ ಬಂದರೆ ಚೆನ್ನ. ಚಿಮ್ಮುವುದು ಮಂಜಿನಂತೆ ಇರಬೇಕು, ದಾರದಂತೆ ಅಲ್ಲ. ಒತ್ತಡ ಕೊಟ್ಟು ಮುಚ್ಚಿಟ್ಟಾಗ ತೊಟ್ಟಿಕ್ಕಬಾರದು. ಮೇಲ್ತುದಿಯ ಪುಟ್ಟ ಫಿಲ್ಟರ್ ಕೂಡ ಬದಲಿಸಲು ಹೇಳಿ. ತೊಳೆಯುವ ಮುಂಚೆಯೇ ನಾಲ್ಕೂ ಸಮ ಇದ್ದು, ಸ್ಪ್ರೇ ಚೆನ್ನಾಗಿದ್ದರೆ ದೋಷ ಬೇರೆ ಕಡೆ ಇದೆ.

ವಾಪಸ್ ಹಾಕುವಾಗ ಎಲ್ಲ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಹೊಸದು ಬೇಕು. ಹಳೆಯದು ಚೆನ್ನಾಗಿ ಕಂಡರೂ ಬೇಡ, ಅದು ಸೋರಿದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್. ಒಂದು ಹನಿ ಎಂಜಿನ್ ಆಯಿಲ್ ಸವರಿ, ತಿರುಚದೆ ನೇರ ಕೂರಿಸಿ. ಬೋಲ್ಟ್ ಬಿಗಿ ಮಾಡಿ, ಬ್ಯಾಟರಿ ಜೋಡಿಸಿ, ಸ್ಟಾರ್ಟ್ ಮಾಡದೆ ಕೀಯನ್ನು ನಾಲ್ಕೈದು ಸಲ ಆನ್-ಆಫ್ ಮಾಡಿ. ಟಾರ್ಚ್ ಬಿಟ್ಟು ಪ್ರತಿ ಇಂಜೆಕ್ಟರ್‌ನ ಬುಡ ನೋಡಿ. ಪೂರ್ತಿ ಒಣಗಿದ್ದರೆ ಮಾತ್ರ ಸ್ಟಾರ್ಟ್ ಮಾಡಿ.

ಆಮೇಲೆ

ಸ್ಕ್ಯಾನರ್‌ನಿಂದ ಹಳೆ ಟ್ರಿಮ್ ಅಳಿಸಿ, ಊರೊಳಗೂ ಹೈವೇಯಲ್ಲೂ ಸೇರಿ ಎರಡು ಮೂರು ದಿನ ಓಡಿಸಿ, ಇಸಿಯು ಹೊಸದಾಗಿ ಕಲಿಯಲಿ. ನಂತರ ಅದೇ ರಸ್ತೆ, ಅದೇ ಮೂರನೇ ಗೇರ್, ಅದೇ 40ರಿಂದ 70. ಎರಡು ವಿಡಿಯೋ ಪಕ್ಕ ಪಕ್ಕ ಇಟ್ಟು ನೋಡಿ.

ಟ್ರಿಮ್ ಸರಿ, ಒತ್ತಡ ಸರಿ, ಆಕ್ಸಿಜನ್ ಸೆನ್ಸರ್ 0.9 ತೋರಿಸುತ್ತಿದೆ, ಆದರೂ ಗಾಡಿ ಎಳೆಯುತ್ತಿಲ್ಲ ಅಂದರೆ ಪೆಟ್ರೋಲ್ ದಾರಿಯಲ್ಲಿ ಇನ್ನು ಹುಡುಕಲು ಏನೂ ಉಳಿದಿಲ್ಲ. ಸಿಲಿಂಡರ್ ಒಳಗೆ ಒತ್ತಡ ಎಷ್ಟು ಹುಟ್ಟುತ್ತದೆ ಎಂದು ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್ ಉಳಿದವಕ್ಕಿಂತ ತುಂಬ ಕಮ್ಮಿ ಇದ್ದರೆ ವಾಲ್ವ್ ಅಥವಾ ರಿಂಗ್ ಕೆಲಸ. ಕಂಪ್ರೆಷನ್ ಕೂಡ ಚೆನ್ನಾಗಿದ್ದರೆ ಸೈಲೆನ್ಸರ್ ಪೈಪಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆಯೇ ನೋಡಿಸಿ. ಬಹಳ ದಿನ ಮಿಸ್ಸಿಂಗ್‌ನಲ್ಲೇ ಓಡಿಸಿದ ಕಾರುಗಳಲ್ಲಿ ಸುಡದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಒಳಗಿನ ಜೇನುಗೂಡು ಕರಗಿರುತ್ತದೆ.

ಈ ಸ್ಥಿತಿಯಲ್ಲಿ ಕಾರ್ಬನ್ ಕ್ಲೀನಿಂಗ್ ಪ್ಯಾಕೇಜ್ ಮಾಡಿಸಿ ಎನ್ನುವವರು ಸಿಗುತ್ತಾರೆ. ಮಾಡುವ ಮುಂಚೆ ಮತ್ತು ಆಮೇಲೆ ಟ್ರಿಮ್, ಕಂಪ್ರೆಷನ್ ಎರಡನ್ನೂ ಬರೆದು ಕೊಡುತ್ತೀರಾ ಅಂತ ಕೇಳಿ. ಒಪ್ಪಿದರೆ ಯೋಚಿಸಿ.

ಇನ್ನು ಮುಂದೆ ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ಟ್ಯಾಂಕ್‌ನೊಳಗಿನ ಪಂಪ್ ತಣ್ಣಗಿರುವುದು ಸುತ್ತ ಇರುವ ಪೆಟ್ರೋಲ್‌ನಿಂದಲೇ. ಸದಾ ರಿಸರ್ವ್‌ನಲ್ಲಿ ಓಡಿಸಿದರೆ ಅದು ಬೇಗ ಸವೆಯುತ್ತದೆ. ಸಿಎನ್‌ಜಿ ಕಾರಿನವರು ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ಕಿ.ಮೀ. ಪೆಟ್ರೋಲ್‌ನಲ್ಲೇ ಓಡಿಸಿ. ಟ್ಯಾಂಕ್‌ನಿಂದ ತೆಗೆದ ಕೆಟ್ಟ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ, ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ ತುಂಬಿ, ಹಳೆ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿನವರು ಇದನ್ನೂ ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಕೇಳಿ ಇಟ್ಟುಕೊಳ್ಳಿ.